ಮೇಸ್ತ್ರಿಯ ನಾಲ್ಕು ಮೇಜುಗಳು

ಬೆಳಿಗ್ಗೆ ಏಳಕ್ಕೆ ಸರಿಯಾಗಿ ಮರದ ಮಿಲ್ಲಿನ ಗರಗಸ ಶುರುವಾಗುತ್ತದೆ. ಮೊದಲು ಗೊರಗೊರ, ಆಮೇಲೆ ಎಳೆದೆಳೆದು ಮೇಲೇರುವ ಒಂದು ಕೀರಲು. ದಿಮ್ಮಿ ಸಿಕ್ಕ ಕೂಡಲೇ ಅದು ದಪ್ಪಗಾಗಿ ಬೀದಿಯ ಉದ್ದಕ್ಕೂ ಹಾಸಿಕೊಳ್ಳುತ್ತದೆ. ಆ ಬೀದಿಯ ಮಕ್ಕಳು ಅದೇ ಸದ್ದಿಗೆ ಏಳುತ್ತಾರೆ. ಮಿಲ್ಲು ಮುಚ್ಚಿದ ದಿನ ಏನೋ ಕಳೆದುಕೊಂಡವರಂತೆ ಕಿವಿ ಕೆರೆದುಕೊಳ್ಳುತ್ತಾರೆ. ನನ್ನ ಸೋದರಮಾವ ಮಾತ್ರ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಆ ಸದ್ದನ್ನು ಓದುತ್ತಾರೆ.

"ಹಸಿ ಮರ," ಎನ್ನುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ, "ಗಂಟು ಬಂತು. ಈಗ ನಿಧಾನಕ್ಕೆ ತಳ್ಳಬೇಕು. ತಳ್ಳಲ್ಲ ಅವನು. ಹಾಳು ಮಾಡ್ತಾನೆ."

"ಮಿಲ್ಲಿಗೇ ಹೋಗಿ ಸಂಸಾರ ಮಾಡಿ," ಎಂದು ಅಡುಗೆಮನೆಯಿಂದ ಅತ್ತೆಯ ದನಿ. "ಇಲ್ಲಿ ಮಿಕ್ಸಿ ಮೂರು ದಿನದಿಂದ ಬಾಯಿ ಬಡ್ಕೊಳ್ತಿದೆ, ಅದು ಮಾತ್ರ ನಿಮಗೆ ಕೇಳಿಸಲ್ಲ."

ಮಾವ ಪಾಲಿಟೆಕ್ನಿಕ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಬಡಗಿ. ಇಪ್ಪತ್ತೆಂಟು ವರ್ಷದಿಂದ ಅಲ್ಲೇ. ಕಾಗದದ ಮೇಲೆ ಅವರ ಹುದ್ದೆಗೆ ಉದ್ದನೆಯ ಹೆಸರೊಂದಿದೆ. ಬಾಯಲ್ಲಿ ಮಾತ್ರ ಪ್ರಿನ್ಸಿಪಾಲರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ಮೇಸ್ತ್ರಿ. ಕೀಲು ಜೋಡಿಸುವುದು ಹೇಗೆಂದು ಹುಡುಗರು ಪುಸ್ತಕ ಓದಿ ಪರೀಕ್ಷೆ ಬರೆಯುತ್ತಾರೆ. ಕೀಲು ಕೂರದೆ ಹಟ ಹಿಡಿದಾಗ ಮೇಸ್ತ್ರಿಯನ್ನು ಹುಡುಕಿಕೊಂಡು ಬರುತ್ತಾರೆ. ಅವರು ಬೈಯುವುದಿಲ್ಲ. ಹಲಗೆಯನ್ನು ಕೈಗೆ ತೆಗೆದುಕೊಂಡು, ಎಲ್ಲಿ ಅವಸರ ಮಾಡಿದ್ದಾರೋ ಆ ಜಾಗದ ಮೇಲೆ ಹೆಬ್ಬೆರಳಿಟ್ಟು ಸುಮ್ಮನೆ ನಿಲ್ಲುತ್ತಾರೆ. ಬೈಗುಳವೇ ವಾಸಿಯಿತ್ತು ಎಂದು ಹುಡುಗರು ಹೇಳುವುದನ್ನು ನಾನೇ ಕೇಳಿದ್ದೇನೆ.

ಎಲ್ಲಿ ಹೋದರೂ ಅವರ ಅಂಗೈ ಮೊದಲು ಮರವನ್ನು ಮಾತಾಡಿಸುತ್ತದೆ. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ ದಿನ ಡಾಕ್ಟರು ಗಂಭೀರವಾಗಿ ಏನೋ ವಿವರಿಸುತ್ತಿದ್ದರೆ ಮಾವ ಅವರ ಮೇಜಿನ ಅಂಚನ್ನು ಸವರುತ್ತಾ ಕೂತಿದ್ದರಂತೆ. ಹೊರಗೆ ಬಂದಾಗ ಅಮ್ಮ, "ಏನಂದ್ರೋ ಡಾಕ್ಟ್ರು?" ಎಂದರೆ, "ಅಮ್ಮಂಗೇನೂ ಆಗಲ್ಲ. ಆ ಟೇಬಲ್ಲಿಗೆ ಮಾತ್ರ ಒಂದು ಕೈ ವಾರ್ನಿಶ್ ಬೇಕು" ಎಂದರಂತೆ. ಅಜ್ಜಿಗೆ ನಿಜಕ್ಕೂ ಏನೂ ಆಗಲಿಲ್ಲ. ಆ ಮಾತನ್ನು ಅಮ್ಮ ಇವತ್ತಿಗೂ ಕ್ಷಮಿಸಿಲ್ಲ.

ಕೆಲಸ ಮುಗಿಯಿತು ಎನ್ನಲು ಅವರಿಗೆ ಒಂದೇ ಗುರುತು, ಮೆರುಗು. ಚೌಕಟ್ಟು ಗಟ್ಟಿಯಾಗಿರಬಹುದು, ಮೂಲೆಗಳು ಕೂದಲೆಳೆಯಷ್ಟೂ ಬಾಯಿ ಬಿಡದೆ ಇರಬಹುದು. ಮೇಲೆ ವಾರ್ನಿಶ್ ಬಿದ್ದು ಕಿಟಕಿಯ ನೆರಳು ಅದರಲ್ಲಿ ತೇಲುವವರೆಗೆ ಆ ವಸ್ತು ಅವರ ಲೆಕ್ಕದಲ್ಲಿ ಇನ್ನೂ ಹುಟ್ಟಿಲ್ಲ.

ಹಾಗೆ ಹುಟ್ಟದೆಯೇ ಬಳಕೆಗೆ ಬಂದ ಒಂದು ಮೇಜು ಕಾಲೇಜಿನಲ್ಲಿತ್ತು. ಆರು ವರ್ಷದ ಹಿಂದೆ ಎಲೆಕ್ಟ್ರಾನಿಕ್ಸ್ ವಿಭಾಗದ ಮೇಡಂ ಸುತ್ತಲಿನ ಶಾಲೆಗಳ ಮಕ್ಕಳಿಗೆಂದು ರೋಬೋಟ್ ಸ್ಪರ್ಧೆ ಶುರುಮಾಡಿದರು. ಆಟ ಸರಳ. ಬಿಳಿ ಮೇಜಿನ ಮೇಲೆ ಅಂಕುಡೊಂಕಾದ ಒಂದು ಕಪ್ಪು ಗೆರೆ. ಮಕ್ಕಳು ಕಟ್ಟಿದ ಅಂಗೈಯಗಲದ ಗಾಡಿ ಯಾರೂ ಮುಟ್ಟದೆ ಆ ಗೆರೆಯನ್ನೇ ಹಿಡಿದು ಕೊನೆ ತಲುಪಬೇಕು. ದಾರಿಯಲ್ಲಿ ಒಂದು ಡಬ್ಬಿಯನ್ನು ತಳ್ಳಿ ಅದರ ಗೂಡಿಗೆ ಸೇರಿಸಿದರೆ ಹೆಚ್ಚಿನ ಅಂಕ. ಗಾಡಿಯ ಹೊಟ್ಟೆಯ ಕೆಳಗೆ ಒಂದು ಪುಟ್ಟ ದೀಪ, ಅದರ ಪಕ್ಕದಲ್ಲೇ ಬೆಳಕು ಅಳೆಯುವ ಒಂದು ಪುಟ್ಟ ಕಣ್ಣು. ಬಿಳಿ ಬಣ್ಣ ಬೆಳಕನ್ನು ವಾಪಸು ಕೊಡುತ್ತದೆ, ಕಪ್ಪು ನುಂಗಿಕೊಳ್ಳುತ್ತದೆ. ಗಾಡಿಗೆ ಗೊತ್ತಿರುವ ಲೋಕ ಅಷ್ಟೇ.

ಮೊದಲ ವರ್ಷ ಬಂದದ್ದು ಎಂಟು ತಂಡ. ಮೇಡಂ ಕೇಳಿದ್ದೇ ತಡವಾಗಿ, ಮಾವ ಎರಡು ಸಂಜೆಯಲ್ಲಿ ಮೇಜು ಮಾಡಿಕೊಟ್ಟರು. ಬಿಳಿ ಬಣ್ಣ ಬಳಿದು, ಮೇಲೆ ಕಪ್ಪು ಗೆರೆ ಎಳೆದರು. ವಾರ್ನಿಶ್ ಹೊಡೆಯಲು ಸಮಯವಿರಲಿಲ್ಲ. ಪಾಟಿಯಂತೆ ಮಂಕಾದ ಆ ಮೇಜಿನ ಮೇಲೆ ಆರು ವರ್ಷ ಗಾಡಿಗಳು ಒಳ್ಳೆ ಮಕ್ಕಳ ಹಾಗೆ ಓಡಿದವು. ವರ್ಷವಿಡೀ ಲ್ಯಾಬಿನ ಸಾಮಾನಿನ ಅಡಿಯಲ್ಲೇ ಇರುತ್ತಿದ್ದ ಅದನ್ನು ಹೊರಗೆ ತರುವಾಗಲೆಲ್ಲ ಮಾವನಿಗೆ ಮಾತ್ರ ನಾಚಿಕೆ. "ಇದಕ್ಕೆ ಮುಖ ತೊಳೆಸೋಕೂ ಬಿಡಲಿಲ್ಲ ನೀವು," ಎಂದು ಮೇಡಂಗೆ ಪ್ರತಿ ವರ್ಷವೂ ಒಂದು ಸಲ ಹೇಳುತ್ತಿದ್ದರು.

ಈ ವರ್ಷ ರೋಬೋಟ್ ಸ್ಪರ್ಧೆಗಳನ್ನು ನೋಡಿಕೊಳ್ಳುವ ಪ್ರಾಂತೀಯ ಸಮಿತಿಯಿಂದ ಮೇಡಂಗೆ ಒಂದು ಪತ್ರ ಬಂತು. ಸಣ್ಣ ಸ್ಪರ್ಧೆಗಳನ್ನು ಇನ್ನು ಮುಂದೆ ಒಪ್ಪುವುದಿಲ್ಲ. ಕನಿಷ್ಠ ಮೂವತ್ತು ತಂಡ, ಒಂದೇ ರೀತಿಯ ನಾಲ್ಕು ಮೇಜು, ಎಲ್ಲವೂ ಒಂದೇ ದಿನದಲ್ಲಿ ಮುಗಿಯಬೇಕು. ಇಷ್ಟನ್ನು ಈ ಸಲ ನಡೆಸಿ ತೋರಿಸಿದರೆ ನಮ್ಮ ಭಾಗಕ್ಕೆ ಪ್ರತಿ ವರ್ಷವೂ ಸ್ವಂತ ಸ್ಪರ್ಧೆ. ಇಲ್ಲದಿದ್ದರೆ ಮಕ್ಕಳೆಲ್ಲ ರಾಜಧಾನಿಗೇ ಹೋಗಬೇಕು. ಬಸ್ಸಿನಲ್ಲಿ ಹನ್ನೊಂದು ಗಂಟೆಯ ದಾರಿ.

ಮೇಡಂ ಒಂದು ಸೂಟ್‌ಕೇಸಿನಲ್ಲಿ ಗಾಡಿಯನ್ನಿಟ್ಟುಕೊಂಡು ಶಾಲೆ ಶಾಲೆ ತಿರುಗಿದರು. ಒಂದು ಶಾಲೆಯ ಮುಖ್ಯೋಪಾಧ್ಯಾಯರು ಗಾಡಿಯನ್ನು ಮೇಲೆ ಕೆಳಗೆ ನೋಡಿ, "ಇದಕ್ಕೆ ಕೈಕಾಲು ಆಮೇಲೆ ಬರುತ್ತಾ?" ಎಂದು ಕೇಳಿದರಂತೆ. ಎರಡೆರಡು ಶಾಲೆಗೆ ಗಾಡಿ ಕಟ್ಟುವ ಸಾಮಾನಿನ ಒಂದೊಂದು ಪೆಟ್ಟಿಗೆ; ಮೂರು ದಿನ ಇವರಿಗೆ, ಮೂರು ದಿನ ಅವರಿಗೆ. ಪೆಟ್ಟಿಗೆ ಕೈ ಬದಲಾಗುವಾಗ ಚಕ್ರವೊಂದು ಕಮ್ಮಿಯಾಗಿದೆ ಎಂದು ಎರಡೂ ಕಡೆಯಿಂದ ಫೋನು. ಎಂಟು ಜನ ತೀರ್ಪುಗಾರರು ಬೇಕಿತ್ತು, ಸಿಕ್ಕವರು ಮೂವರು. ಉಳಿದ ಜಾಗಕ್ಕೆ ಮೇಡಂ ಆಟದ ಮೇಷ್ಟ್ರನ್ನೂ ಬಿಡದೆ ಹಿಡಿದು ತಂದರು.

"ಗಾಡಿ ಗೆರೆ ಬಿಟ್ರೆ ಸೀಟಿ ಊದ್ಲಾ ಮೇಡಂ?" ಎಂದು ಅವರು ಕೇಳಿದರು.

"ಊದಿ ಸಾರ್. ಅದಕ್ಕೆ ಕೇಳಿಸಲ್ಲ ಅಷ್ಟೇ."

ಅಂತೂ ಮೂವತ್ತನಾಲ್ಕು ತಂಡ ಒಪ್ಪಿಕೊಂಡವು. "ಟೇಬಲ್ ಕತೆ ಏನು ಮೇಸ್ತ್ರಿ?" ಎಂದು ಮೇಡಂ ಕೇಳಿದಾಗ ಮಾವ, "ಟೇಬಲ್ ನನಗೆ ಬಿಡಿ, ಮಿಕ್ಕಿದ್ದು ನೀವು ನೋಡ್ಕೊಳ್ಳಿ" ಎಂದರು.

ಮೇಜಿಗಿಂತ ಮೊದಲು ಇನ್ನೊಂದು ಕೆಲಸ ಬಂತು. ಹನ್ನೊಂದು ಶಾಲೆಗಳಲ್ಲಿ ಅಭ್ಯಾಸ ಮಾಡಲು ಏನೂ ಇರಲಿಲ್ಲ. ಒಂದು ಕಡೆ ಮಕ್ಕಳು ಬೆಡ್‌ಶೀಟಿನ ಮೇಲೆ ಟೇಪು ಅಂಟಿಸಿ ಓಡಿಸುತ್ತಿದ್ದರು. ಮಾವ ಹನ್ನೊಂದು ಹಲಗೆ ಕತ್ತರಿಸಿ, ಬಿಳಿ ಬಳಿದು, ಗೆರೆ ಎಳೆದು, ಬಣ್ಣ ಆರುತ್ತಿದ್ದ ಹಾಗೇ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ತಾವೇ ಹಂಚಲು ಹೊರಟರು. ಕೊನೆಯ ಹಲಗೆ ಹೋದದ್ದು ಹೊಳೆಯಾಚೆಯ ಹೆಣ್ಣುಮಕ್ಕಳ ಶಾಲೆಗೆ. ಅಲ್ಲಿ ಮೂವರು ಹುಡುಗಿಯರ ತಂಡ. ಮೂವರಲ್ಲಿ ಮುಂದಾಳು ಏಳನೇ ಕ್ಲಾಸಿನ ಒಬ್ಬ ಕನ್ನಡಕದ ಹುಡುಗಿ. ಹಲಗೆಯನ್ನು ಇಳಿಸುವ ಮೊದಲೇ ಗಾಡಿಯನ್ನು ಅದರ ಮೇಲೆ ಬಿಟ್ಟು ನೋಡಿದಳಂತೆ.

"ಓಡ್ತು ಅಂಕಲ್," ಎಂದಳು. ಆಮೇಲೆ, "ಮುಂದಿನ ವರ್ಷಾನೂ ನಿಮ್ಮ ಕಾಲೇಜಲ್ಲೇ ಇರುತ್ತಾ? ನಮ್ಮದು ಈಗ ಬರೀ ಗೆರೆ ಹಿಡಿಯುತ್ತೆ. ಡಬ್ಬಿ ತಳ್ಳೋದು ಕಲಿಯೋಕೆ ಇನ್ನೊಂದು ವರ್ಷ ಬೇಕು. ರಾಜಧಾನಿ ಅಂದ್ರೆ ನಮ್ಮನೇಲಿ ಕಳಿಸಲ್ಲ. ಇವಳ ಮನೇಲೂ ಕಳಿಸಲ್ಲ, ಅವಳ ಮನೇಲಂತೂ ಕೇಳೋದೇ ಬೇಡ."

"ಇರುತ್ತೆ," ಎಂದರು ಮಾವ.

ಆ ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. "ಇರುತ್ತೆ ಅನ್ನೋಕೆ ನೀವ್ಯಾರ್ರೀ? ಸಮಿತಿಯೋರಾ?"

"ಬಾಯಿಗೆ ಬಂತು, ಅಂದೆ."

"ನಿಮ್ಮ ಬಾಯಿಗೆ ವರ್ಷಕ್ಕೆ ನಾಲ್ಕು ಮಾತು ಬರುತ್ತೆ. ಅದರಲ್ಲೊಂದು ಇಂಥದ್ದು."

ಮರುದಿನದಿಂದ ಮೇಜಿನ ಕೆಲಸ ಶುರುವಾಯಿತು. ನಾಲ್ಕೂ ಒಂದೇ ಅಳತೆ, ಒಂದೇ ಎತ್ತರ, ಗೆರೆಯ ಒಂದೊಂದು ತಿರುವೂ ಒಂದೇ ಅಚ್ಚಿನಿಂದ. ಗೋಲಿಯೊಂದನ್ನು ನಟ್ಟನಡುವೆ ಇಟ್ಟು ಅದು ಯಾವ ಕಡೆಗೂ ಉರುಳದೆ ನಿಲ್ಲುವವರೆಗೆ ಕಾಲುಗಳನ್ನು ತರಿದರು. ಹಗಲೆಲ್ಲ ವರ್ಕ್‌ಶಾಪಿನಲ್ಲಿ ಕೀಸುಳಿಯ ಸದ್ದು. ಊಟದ ಡಬ್ಬಿ ಬಿಚ್ಚಿದರೆ ಅದರೊಳಗೂ ಮರದ ಹೊಟ್ಟು. ಸ್ಪರ್ಧೆಗೆ ನಾಲ್ಕು ದಿನ ಇರುವಾಗಲೇ ಬಣ್ಣ ಮುಗಿದು ಗೆರೆಯೂ ಆಯಿತು.

ಆರು ವರ್ಷದಲ್ಲಿ ಮೊದಲ ಸಲ ಮಾವನ ಕೈಯಲ್ಲಿ ಸಮಯ ಉಳಿದಿತ್ತು.

ಅವರು ಅಟ್ಟದ ಮೇಲಿನಿಂದ ವಾರ್ನಿಶ್ ಡಬ್ಬಿ ಇಳಿಸಿದರು. ಒಂದು ಕೈ ಹೊಡೆದು, ಒಣಗಿಸಿ, ಉಜ್ಜಿ, ಎರಡನೇ ಕೈ. ಮತ್ತೆ ಉಜ್ಜಿ, ಮೂರನೇ ಕೈ. ನೊಣ ಕೂರದಿರಲೆಂದು ಸುತ್ತ ಸೊಳ್ಳೆಪರದೆ ಕಟ್ಟಿದರು.

"ನಮ್ಮ ಮದುವೆ ಮಂಚಕ್ಕೇ ಒಂದೇ ಕೈ ಹೊಡೆದು ಮುಗಿಸಿದ್ರಿ," ಎಂದರು ಅತ್ತೆ. "ಇದಕ್ಕೆ ಮೂರಾ?"

"ಆಗ ಟೈಮಿರಲಿಲ್ಲ ಕಣೇ."

ಹಿಂದಿನ ದಿನ ಮಧ್ಯಾಹ್ನ ಮೇಡಂ ಗಾಡಿಯೊಂದನ್ನು ಹಿಡಿದು ಮೇಜುಗಳನ್ನು ಪರೀಕ್ಷಿಸಲು ಬಂದರು. ಮಾವ ಸುತ್ತ ಹಗ್ಗ ಕಟ್ಟಿದ್ದರು. "ಇನ್ನೂ ಪೂರ್ತಿ ಒಣಗಿಲ್ಲ ಮೇಡಂ. ಈಗ ಚಕ್ರ ಓಡಿಸಿದ್ರೆ ಗುರುತು ಬೀಳುತ್ತೆ. ಇದೊಂದು ರಾತ್ರಿ ಬಿಡಿ. ನಾಳೆ ಬನ್ನಿ, ಮುಖ ಕಾಣುತ್ತೆ ಅದರಲ್ಲಿ."

ಕೂಗಿ ಕೂಗಿ ಮೇಡಂ ದನಿ ಬಿದ್ದುಹೋಗಿತ್ತು. ಕೈಯಲ್ಲಿ ತಂಡಗಳ ಪಟ್ಟಿ, ಕಂಕುಳಲ್ಲಿ ಮಕ್ಕಳ ಬ್ಯಾಡ್ಜುಗಳ ಚೀಲ. ಕಿಟಕಿಯ ಬೆಳಕಿನಲ್ಲಿ ತಣ್ಣಗೆ ಹೊಳೆಯುತ್ತಿದ್ದ ನಾಲ್ಕು ಮೇಜುಗಳನ್ನು ಒಂದು ಕ್ಷಣ ನೋಡಿದರು. "ಎಷ್ಟು ಚೆನ್ನಾಗಿದೆ ಮೇಸ್ತ್ರಿ," ಎಂದು ಪಿಸುಗುಟ್ಟಿ ಗಾಡಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಸ್ಪರ್ಧೆಯ ದಿನ ಬೆಳಿಗ್ಗೆ ಎಂಟಕ್ಕೇ ಕಾಲೇಜಿನ ಸಭಾಂಗಣ ಗಿಜಿಗುಡುತ್ತಿತ್ತು. ನೂರಕ್ಕೂ ಮೇಲೆ ಮಕ್ಕಳು. ಗೋಡೆಯ ಆರು ಪ್ಲಗ್ಗಿಗೆ ಬಾಲದ ಮೇಲೆ ಬಾಲ ಹಚ್ಚಿದ ವೈರುಗಳು. ನಾನು ಬಾಗಿಲ ಬಳಿ ಹೆಸರು ಬರೆದುಕೊಳ್ಳುತ್ತಿದ್ದೆ. ಒಳಗೆ ಬಂದ ಪ್ರತಿಯೊಬ್ಬರೂ ಮೊದಲು ಆ ಮೇಜುಗಳನ್ನು ನೋಡಿ, "ಅಬ್ಬಾ" ಎನ್ನುತ್ತಿದ್ದರು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಕಟ್ಟಿ, ಏನೂ ಕೇಳಿಸದವರಂತೆ ಕಂಬಕ್ಕೆ ಒರಗಿ ನಿಂತಿದ್ದರು.

ಎಂಟೂವರೆಗೆ ಅಭ್ಯಾಸದ ಸುತ್ತು. ಮೊದಲ ಗಾಡಿ ಗೆರೆಯ ಮೇಲೆ ಗೇಣುದ್ದ ಹೋಗಿ ನಿಂತಿತು, ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಆಮೇಲೆ ಬೀದಿನಾಯಿ ತನ್ನ ಬಾಲವನ್ನೇ ಹಿಡಿಯಹೊರಟ ಹಾಗೆ ನಿಂತಲ್ಲೇ ಸುತ್ತತೊಡಗಿತು. ಮಕ್ಕಳು ನಕ್ಕರು. ಎರಡನೆಯದು ನೇರವಾಗಿ ಮೇಜಿನ ಅಂಚಿಗೆ ಹೋಗಿ ಆಟದ ಮೇಷ್ಟ್ರ ಕೈಗೆ ಬಿತ್ತು. ಮೂರನೆಯದು ಹೊರಡಲೇ ಇಲ್ಲ. ಹತ್ತನೆಯದರ ಹೊತ್ತಿಗೆ ನಗು ನಿಂತಿತ್ತು. ಬ್ಯಾಟರಿ ಎಂದರು ಒಬ್ಬರು. ಚಕ್ರ ಜಾರುತ್ತಿದೆ ಎಂದರು ಇನ್ನೊಬ್ಬರು. ನಾಲ್ಕು ಮೇಜಿನ ಮೇಲೆ ಹದಿನಾರು ಗಾಡಿ ಇಳಿದವು, ಕೊನೆ ಮುಟ್ಟಿದ್ದು ಒಂದೂ ಇಲ್ಲ. ಒಂದು ಶಾಲೆಯ ಮಕ್ಕಳು ಮೂಲೆಯಲ್ಲಿ ಕೂತು ತಮ್ಮ ಗಾಡಿಯ ಪ್ರೋಗ್ರಾಮನ್ನು ಮೊದಲಿನಿಂದ ಬರೆಯಲು ಶುರುಮಾಡಿದ್ದರು. ಅವರಲ್ಲೊಬ್ಬ ಬರೆಯುತ್ತಲೇ ಅಳುತ್ತಿದ್ದ.

ಸಮಿತಿಯಿಂದ ಬಂದಿದ್ದ ಮುಖ್ಯ ತೀರ್ಪುಗಾರರು ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಕಿಟಕಿಗಳತ್ತ ನೋಡಿ, "ಬಿಸಿಲು ನೇರ ಬೀಳ್ತಿದೆ. ಮುಚ್ಚಿ ನೋಡಿ," ಎಂದರು. ಹಳೆಯ ಸ್ಪರ್ಧೆಗಳು ನಡೆಯುತ್ತಿದ್ದುದು ಬಿಸಿಲೇ ಕಾಣದ ಲ್ಯಾಬಿನಲ್ಲಿ, ಎಲ್ಲರಿಗೂ ಹೌದೆನ್ನಿಸಿತು. ಮಾವನೇ ಏಣಿ ಹತ್ತಿ ಹದಿನಾಲ್ಕು ಕಿಟಕಿಗೆ ಹಳೆಯ ಪೇಪರು ಅಂಟಿಸಿದರು. ಅಂಗಿಗೆಲ್ಲ ಗೋಂದು. ಟ್ಯೂಬ್‌ಲೈಟು ಹಾಕಿ ಗಾಡಿಗಳನ್ನು ಮತ್ತೆ ಬಿಟ್ಟರು.

ಮತ್ತೆ ಸುತ್ತಿದವು.

ಗಂಟೆ ಹತ್ತಾಗಿತ್ತು. ಮುಖ್ಯ ತೀರ್ಪುಗಾರರು ಮೇಡಂ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಹನ್ನೊಂದೂವರೆವರೆಗೆ ಕಾಯ್ತೀನಿ. ಅಷ್ಟರಲ್ಲಿ ಶುರುವಾದ್ರೆ ಸಂಜೆಯೊಳಗೆ ಮುಗಿಸಬಹುದು. ಇಲ್ಲದಿದ್ರೆ ‘ನಡೆಸಲಾಗಲಿಲ್ಲ’ ಅಂತ ಬರೀಬೇಕಾಗುತ್ತೆ. ನನಗೂ ಬೇಜಾರೇ."

ಮೇಡಂ ತಲೆಯಾಡಿಸಿದರು. ಮಾವ ಏಣಿಯ ಪಕ್ಕದಲ್ಲೇ ಇದ್ದರು. ಎಲ್ಲವನ್ನೂ ಕೇಳಿಸಿಕೊಂಡರು.

ಮೂರನೇ ಮೇಜಿನ ಬಳಿ ಆ ಕನ್ನಡಕದ ಹುಡುಗಿ ಮಂಡಿಯೂರಿ, ಕೆನ್ನೆಯನ್ನು ಮೇಜಿಗೆ ತಾಗಿಸುವಷ್ಟು ಬಗ್ಗಿ ಗೆರೆಯನ್ನೇ ನೋಡುತ್ತಿದ್ದಳು. ಮಾವ ಹತ್ತಿರ ಹೋದರು.

"ಏನ್ ನೋಡ್ತಿದೀಯಮ್ಮ?"

"ನೀವು ಕೊಟ್ಟ ಹಲಗೆ ಮೇಲೆ ಓಡ್ತಿತ್ತು ಅಂಕಲ್. ನಿನ್ನೆ ಸಂಜೆವರೆಗೂ ಓಡ್ತು." ಅವಳು ಗಾಡಿಯನ್ನು ಬಿಳಿಯ ಮೇಲಿಟ್ಟು ಅದರ ಪುಟ್ಟ ಪರದೆಯನ್ನು ತೋರಿಸಿದಳು. "ಬಿಳಿ ಮೇಲೆ ತೊಂಬತ್ತು ತೋರಿಸುತ್ತೆ, ಸರಿ. ಕಪ್ಪು ಮೇಲೆ ಹತ್ತೋ ಹನ್ನೆರಡೋ ಬರಬೇಕು. ಇಲ್ಲಿ ನೋಡಿ, ಎಪ್ಪತ್ತೆಂಟು. ಅದಕ್ಕೆ ಎರಡೂ ಒಂದೇ ತರ ಕಾಣ್ತಿದೆ. ಕಪ್ಪಾಗೇ ಇದೆಯಲ್ಲ ಅಂತ ನಾನೂ ಅಂದ್ಕೊಂಡೆ. ಈಗ ಬಗ್ಗಿ ನೋಡಿದ್ರೆ, ಕಪ್ಪು ಗೆರೆಯೊಳಗೆ ಟ್ಯೂಬ್‌ಲೈಟ್ ಕಾಣ್ತಿದೆ."

ಮಾವ ಬಗ್ಗಿದರು. ಮೂರು ಕೈ ವಾರ್ನಿಶ್ಶಿನ ಅಡಿಯಲ್ಲಿ ಗೆರೆ ಬಾವಿಯ ನೀರಿನಷ್ಟು ತಿಳಿಯಾಗಿತ್ತು. ಅದರೊಳಗೆ ಟ್ಯೂಬ್‌ಲೈಟ್ ಉದ್ದಕ್ಕೆ ಮಲಗಿತ್ತು. ಪಕ್ಕದಲ್ಲಿ ಅವರದೇ ಮುಖ.

ಬೆಳಕನ್ನು ನುಂಗಬೇಕಾದ ಗೆರೆ ಅದನ್ನು ಕನ್ನಡಿಯಂತೆ ವಾಪಸು ಎಸೆಯುತ್ತಿತ್ತು.

ಅವರು ನೆಟ್ಟಗಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಬಾಗಿಲ ಬಳಿಯಿಂದ ನೋಡುತ್ತಿದ್ದೆ. ಅವರಿಗೆ ಸೊಂಟ ಹಿಡಿಯಿತೇನೋ ಎಂದುಕೊಂಡೆ. ಅವರು ನೇರ ಮುಖ್ಯ ತೀರ್ಪುಗಾರರ ಹತ್ತಿರ ಹೋದರು.

"ಸಾರ್, ಮಕ್ಕಳದ್ದೇನೂ ತಪ್ಪಿಲ್ಲ. ಮೇಡಂದೂ ಇಲ್ಲ. ಯಾರೂ ಹೇಳದೇ ನಾನೇ ವಾರ್ನಿಶ್ ಹೊಡೆದೆ. ನಿನ್ನೆ ಟೆಸ್ಟ್ ಮಾಡೋಕೂ ಬಿಡಲಿಲ್ಲ. ಗಾಡಿಗಳಿಗೆ ಹೊಳಪು ಆಗಿಬರ್ತಿಲ್ಲ. ಒಂದು ಗಂಟೆ ಕೊಡಿ, ತೆಗೀತೀನಿ."

ತೀರ್ಪುಗಾರರು ಮೇಜನ್ನೂ ಮಾವನನ್ನೂ ನೋಡಿದರು. "ಇಂಥ ಕೆಲಸವನ್ನ ಕೆಡಿಸ್ತೀರಾ?"

"ಕೆಡಿಸಲ್ಲ ಸಾರ್. ಮಂಕು ಮಾಡ್ತೀನಿ."

"ನಾಲ್ಕೂ ಒಂದೇ ತರ ಇರಬೇಕು. ಒಂದು ಟೇಬಲ್ ಸುಲಭ, ಒಂದು ಕಷ್ಟ ಅಂತ ಆದ್ರೆ ನಾನು ಒಪ್ಪಲ್ಲ."

"ನನ್ನ ಕೈ ಮೇಲೆ ಬಿಡಿ."

ಮಾವ ವರ್ಕ್‌ಶಾಪಿಗೆ ಓಡಿದರು. ಐವತ್ತಾರು ವರ್ಷದ ಅವರು ಓಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ನೀರು ಹಾಕಿ ಉಜ್ಜುವ ನಯವಾದ ಕರಿ ಸ್ಯಾಂಡ್ ಪೇಪರಿನ ಎರಡು ಕಟ್ಟು, ಬಕೆಟ್ಟು, ಹಳೆ ಬಟ್ಟೆ ತಂದರು. ಮೂರನೇ ಮೇಜಿನ ಒಂದು ಮೂಲೆಯಲ್ಲಿ ಅಂಗೈಯಗಲದ ಜಾಗಕ್ಕೆ ನೀರು ಚಿಮುಕಿಸಿ ಉಜ್ಜಿದರು. ಕಾಗದ ಮರದ ಮೇಲೆ ಉಸಿರಾಡಿದ ಹಾಗೆ ಸದ್ದು. ಒರೆಸಿದಾಗ ಅಲ್ಲಿ ಹೊಳಪು ಸತ್ತು, ಕಪ್ಪು ಗೆರೆ ಬೂದಿ ಮೆತ್ತಿದಂತಾಗಿತ್ತು. ಮಾವ ಅದರ ಮೇಲೆ ಒಮ್ಮೆ ಅಂಗೈ ಆಡಿಸಿದರು.

"ಇಡಮ್ಮ ನಿನ್ನ ಗಾಡಿ."

ಕನ್ನಡಕದ ಹುಡುಗಿ ಇಟ್ಟಳು. ಸಂಖ್ಯೆ ಇಳಿಯಿತು. "ಹದಿನಾರು," ಎಂದಳು, ಆಮೇಲೆ ಇನ್ನೂ ಗಟ್ಟಿಯಾಗಿ, "ಹದಿನಾರು ಅಂಕಲ್!"

ಇನ್ನು ಉಳಿದದ್ದು ನಾಲ್ಕು ಮೇಜು, ಒಂದು ಗಂಟೆ ಹತ್ತು ನಿಮಿಷ, ಒಬ್ಬ ಮನುಷ್ಯ. ಮೊದಲ ಐದು ನಿಮಿಷ ಮಾವ ಯಾರನ್ನೂ ಹತ್ತಿರ ಬಿಡಲಿಲ್ಲ. ಕಣ್ಣು ಗಡಿಯಾರದ ಕಡೆ ಹೋಗಿ ಬಂತು. ಕಾಗದವನ್ನು ತುಂಡು ತುಂಡು ಮಾಡಿ, "ಯಾರ್ ಬರ್ತೀರಿ?" ಎಂದರು. ಇಡೀ ಸಭಾಂಗಣ ಎದ್ದು ಬಂತು.

"ಹೀಗಲ್ಲ, ಪಾತ್ರೆ ತಿಕ್ಕೋ ಹಾಗೆ ತಿಕ್ಕಬೇಡಿ. ಒಂದೇ ದಿಕ್ಕು. ಬೆಕ್ಕಿನ ಬೆನ್ನು ಸವರ್ತೀರಲ್ಲ, ಅಷ್ಟೇ ಭಾರ. ಗೆರೆ ಮೇಲೆ ಬಂದಾಗ ಅದಕ್ಕಿಂತ ಹಗುರ. ಹತ್ತು ಸಲ ಎಣಿಸಿ, ನಿಲ್ಲಿಸಿ, ಪಕ್ಕಕ್ಕೆ ಹೋಗಿ. ಬಣ್ಣ ಕಿತ್ತು ಬಂದ್ರೆ ನಾನು ಬೈಯಲ್ಲ, ಅಳ್ತೀನಿ."

ನಾಲ್ಕು ಮೇಜಿನ ಸುತ್ತ ಮಕ್ಕಳು ಒತ್ತೊತ್ತಾಗಿ ನಿಂತು ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತಾ ಉಜ್ಜಿದರು. ಎದುರಾಳಿ ಶಾಲೆಯವರು ಅಕ್ಕಪಕ್ಕ. ಆಟದ ಮೇಷ್ಟ್ರಿಗೆ ಕೊನೆಗೂ ಕೆಲಸ ಸಿಕ್ಕಿತು: ಹತ್ತಕ್ಕೊಮ್ಮೆ ಸೀಟಿ. ಸೀಟಿ ಕೇಳಿದ ಕೂಡಲೇ ಎಲ್ಲರೂ ಒಂದೊಂದು ಹೆಜ್ಜೆ ಬಲಕ್ಕೆ. ಹೀಗಾಗಿ ಪ್ರತಿ ಜಾಗದ ಮೇಲೂ ಗಟ್ಟಿ ಕೈ, ಮೆತ್ತನೆ ಕೈ ಎಲ್ಲವೂ ಒಂದೇ ಲೆಕ್ಕದಲ್ಲಿ ಹಾದುಹೋದವು. ಮಾವ ಯೋಚಿಸಿ ಮಾಡಿದ್ದೋ, ತಾನಾಗಿ ಆದದ್ದೋ, ನಾನು ಕೇಳಿಲ್ಲ. ಮಾವ ಮೇಜಿನಿಂದ ಮೇಜಿಗೆ ಹೋಗಿ ಅಂಗೈ ಆಡಿಸುತ್ತಿದ್ದರು. "ಇಲ್ಲಿ ಸಾಕು. ಇಲ್ಲಿ ಇನ್ನೊಂದು ಹತ್ತು. ಏ ದಪ್ಪಣ್ಣ, ನಿನ್ನ ಬಲ ಎಲ್ಲ ಇಲ್ಲೇ ಹಾಕ್ಬೇಡ, ಊಟಕ್ಕೆ ಸ್ವಲ್ಪ ಇಟ್ಕೊ."

ಹನ್ನೊಂದು ಇಪ್ಪತ್ತಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿ, ನಾಲ್ಕು ಫ್ಯಾನು ತಿರುಗಿಸಿ ಒಣಗಿಸಿದರು. ನಾಲ್ಕು ಮೇಜು ಹಳೆಯ ಪಾಟಿಗಳಂತೆ ಮಂಕಾಗಿ ನಿಂತಿದ್ದವು. ಮುಖ್ಯ ತೀರ್ಪುಗಾರರು ಒಂದೇ ಗಾಡಿಯನ್ನು ನಾಲ್ಕರ ಮೇಲೂ ಓಡಿಸಿ ಹೊತ್ತು ಅಳೆಯುವುದಾಗಿ ಹೇಳಿ, ಹತ್ತಿರದಲ್ಲಿದ್ದ ಒಂದು ಶಾಲೆಯ ಗಾಡಿಯನ್ನು ತೆಗೆದುಕೊಂಡರು. ಗಾಡಿ ಗೆರೆಯ ಮೇಲೆ ಹೊರಟಿತು. ಮೊದಲ ತಿರುವು. ಎರಡನೆಯದು. ಇಕ್ಕಟ್ಟಾದ ಮೂರನೆಯದರಲ್ಲಿ ಒಮ್ಮೆ ಅನುಮಾನಿಸಿ, ಮೂಗು ಆಡಿಸಿ, ಗೆರೆಯನ್ನು ಮತ್ತೆ ಹಿಡಿಯಿತು. ಕೊನೆ ಮುಟ್ಟಿ ನಿಂತಿತು.

ನಾಲ್ಕು ಮೇಜು, ನಾಲ್ಕು ಓಟ. ಗಡಿಯಾರದಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿರಲಿಲ್ಲ.

"ಶುರು ಮಾಡಿ," ಎಂದರು ಅವರು.

ಆಗ ಎದ್ದ ಗದ್ದಲದಲ್ಲಿ ಮೇಡಂ ಕುರ್ಚಿಯೊಂದನ್ನು ಎಳೆದು ಕೂತುಬಿಟ್ಟರು. ನನ್ನ ಕಡೆ ನೋಡಿ ಏನೋ ಹೇಳಿದರು. ದನಿ ಹೊರಡಲಿಲ್ಲ, ತುಟಿ ನೋಡಿ ನೀರು ಬೇಕೆಂದು ತಿಳಿಯಿತು. ಮೂರು ಸುತ್ತಿನ ಬದಲು ಎರಡೇ ಸುತ್ತು ಎಂದು ತೀರ್ಮಾನವಾಯಿತು. ಊಟವನ್ನು ಸರದಿಯ ಮೇಲೆ ನಿಂತೇ ಮಾಡಿದರು. ಪ್ಲಗ್ಗಿನ ವೈರು ಎರಡು ಸಲ ಸುಟ್ಟ ವಾಸನೆ ಹೊಡೆಯಿತು, ಒಂದು ತಂಡದ ಗಾಡಿ ಡಬ್ಬಿಯ ಬದಲು ತೀರ್ಪುಗಾರರ ಪೆನ್ನನ್ನು ಗೂಡಿಗೆ ಸೇರಿಸಿತು, ಆದರೂ ಎಲ್ಲವೂ ನಡೆಯಿತು. ಹೊಳೆಯಾಚೆಯ ಮೂವರು ಹುಡುಗಿಯರು ಗೆರೆಯನ್ನು ಎರಡು ಸಲವೂ ಕೊನೆಯವರೆಗೆ ಹಿಡಿದರು. ಡಬ್ಬಿಯ ತಂಟೆಗೆ ಹೋಗಲಿಲ್ಲ. ಮೂವತ್ತನಾಲ್ಕರಲ್ಲಿ ಹನ್ನೊಂದನೆಯವರಾದರು.

ಮೂರು ಗಂಟೆಯ ಹೊತ್ತಿಗೆ ಅತ್ತೆ ಒಳ್ಳೆ ಸೀರೆಯುಟ್ಟು ಬಂದರು. ಮುಖ ಕಾಣುವ ಮೇಜನ್ನು ನೋಡಬೇಕಿತ್ತು ಅವರಿಗೆ. ಜನರ ಮಧ್ಯೆ ತಲೆ ತೂರಿಸಿ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು.

"ಇದರಲ್ಲಾ ಮುಖ ಕಾಣುತ್ತೆ ಅಂದಿದ್ದು?"

"ಬೆಳಿಗ್ಗೆ ಕಾಣ್ತಿತ್ತು," ಎಂದರು ಮಾವ. ಕೈಬೆರಳುಗಳೆಲ್ಲ ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ್ದವು. "ಯಾರ ಮುಖ ಕಂಡಿತೋ ಏನೋ, ಆಮೇಲೆ ಎಲ್ಲ ತೆಗೆಯಬೇಕಾಯ್ತು."

ಅತ್ತೆ ನನ್ನ ಮುಖ ನೋಡಿದರು. ನಾನು ನಡೆದದ್ದನ್ನು ಎರಡೇ ಮಾತಿನಲ್ಲಿ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಸೆರಗಿನ ತುದಿಯಿಂದ ಮಾವನ ಅಂಗಿಯ ಮೇಲೆ ಒಣಗಿದ್ದ ಗೋಂದನ್ನು ಉಜ್ಜತೊಡಗಿದರು.

"ಬಿಡೇ, ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ಮೂರು ಕೈ ಉಜ್ಜೋದು ನನಗೂ ಬರುತ್ತೆ."

ಐದೂವರೆಗೆ ಕೊನೆಯ ಗಾಡಿ ಓಡಿತು. ಮುಖ್ಯ ತೀರ್ಪುಗಾರರು ವೇದಿಕೆಗೂ ಹತ್ತದೆ, ಅಲ್ಲೇ ಒಂದು ಮೇಜಿನ ಮೇಲೆ ಕಾಗದವಿಟ್ಟು ಬರೆದು ಸಹಿ ಮಾಡಿ ಮೇಡಂಗೆ ಕೊಟ್ಟರು. ಮೇಡಂ ಓದಿ ನನಗೆ ಕೊಟ್ಟರು. ಸ್ಪರ್ಧೆ ನಿಯಮದಂತೆ ನಡೆಯಿತು, ಮುಂದಿನ ವರ್ಷದಿಂದ ಈ ಭಾಗದ ಸ್ಪರ್ಧೆ ಇಲ್ಲಿಯೇ ನಡೆಯತಕ್ಕದ್ದು. ಕೆಳಗೆ ಒಂದು ಸಾಲು ಹೆಚ್ಚಿಗೆ: ಮೇಜುಗಳಿಗೆ ಮೆರುಗು ಕೊಡಬಾರದೆಂದು ನಿಯಮಾವಳಿಯಲ್ಲಿ ಸೇರಿಸುವುದು.

ಹೊಳೆಯಾಚೆಯ ಮಕ್ಕಳ ವ್ಯಾನು ಗೇಟಿನ ಹೊರಗೆ ಹಾರ್ನ್ ಮಾಡುತ್ತಿತ್ತು. ಕನ್ನಡಕದ ಹುಡುಗಿ ಅರ್ಧ ದಾರಿ ಹೋದವಳು ಓಡಿ ಬಂದು, "ಅಂಕಲ್, ಆಗುತ್ತಂತಾ?" ಎಂದಳು.

"ಇರುತ್ತೆ ಅಂದಿದ್ನಲ್ಲ," ಎಂದರು ಮಾವ. ಅತ್ತೆ ಹಿಂದಿನಿಂದ ಕೆಮ್ಮಿದರು.

ಅವಳು ಹೋದ ಮೇಲೆ ಮಾವ ಕಿಟಕಿಯ ಕಟ್ಟೆಯ ಮೇಲೆ ಕೂತರು. ಸಭಾಂಗಣ ಖಾಲಿಯಾಗುತ್ತಿತ್ತು. ಪೇಪರು ಅಂಟಿಸಿದ ಗಾ​ಜಿನಿಂದ ಸಂಜೆಯ ಬೆಳಕು ಕಂದು ಬಣ್ಣದಲ್ಲಿ ಒಳಗೆ ಬರುತ್ತಿತ್ತು. ಮಾವ ಒಮ್ಮೆ ಉದ್ದಕ್ಕೆ ಉಸಿರು ಬಿಟ್ಟರು. ಬೆಳಗಿನಿಂದ ಕಟ್ಟಿಹಿಡಿದಿದ್ದ ಉಸಿರು ಅದು ಎನ್ನಿಸಿತು. ನಾನು ಟೀ ಕೊಟ್ಟೆ. ಎರಡು ಗುಟುಕು ಕುಡಿದು ಲೋಟವನ್ನು ಮಂಡಿಯ ಮೇಲಿಟ್ಟುಕೊಂಡರು.

"ಮುಂದಿನ ವರ್ಷಕ್ಕೆ ಆರು ಟೇಬಲ್ ಬೇಕಂತೆ," ಎಂದೆ.

"ಹೂಂ. ಮೇಡಂ ಹೇಳಿದ್ರು." ಲೋಟವನ್ನು ಮಂಡಿಯ ಮೇಲೆ ಒಮ್ಮೆ ತಿರುಗಿಸಿದರು. "ಒಂದು ಹೇಳ್ಲಾ ಪುಟ್ಟಿ, ನಗಬಾರದು. ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೀನಿ. ಇವತ್ತು ಆ ಮಕ್ಕಳು ಹತ್ತು ಹತ್ತು ಅಂತ ಎಣಿಸ್ತಾ ನನ್ನ ವಾರ್ನಿಶ್ ತೆಗೀತಿದ್ರಲ್ಲ, ಆಗ ನನಗೆ ಮೊದಲನೇ ಸಲ, ಮೆರುಗಿಲ್ಲದೇನೂ ಕೆಲಸ..."

ಸಭಾಂಗಣದ ಆ ತುದಿಯಲ್ಲಿ ಇಬ್ಬರು ಮೇಜೊಂದನ್ನು ಕಾಲು ಹಿಡಿದು ದರದರ ಎಳೆಯತೊಡಗಿದ್ದರು. ಮಾವ ಲೋಟವನ್ನು ನನ್ನ ಕೈಗೆ ತುರುಕಿ ಎದ್ದರು.

"ಏಯ್, ಎಳೀಬೇಡ್ರಪ್ಪಾ, ಎತ್ತಿ! ಎರಡೂ ಕಡೆ ಹಿಡಿದು ಎತ್ತಬೇಕು, ಹಾಗೆ ಎಳೆದ್ರೆ ಕಾಲಿನ ಕೀಲು ಏನಾಗುತ್ತೆ ಅಂದ್ರೆ," ಎನ್ನುತ್ತಾ ಉದ್ದುದ್ದ ಹೆಜ್ಜೆ ಹಾಕಿಕೊಂಡು ಹೊರಟರು.